ತಡವಾಗಿ ಬಂದ ಉತ್ತರ

ದೆವ್ವ ಭೂತಗಳನ್ನು ನಾನು ನಂಬಿದವನಲ್ಲ. ನಂಬುವುದಾದರೂ ಹೇಗೆ ಹೇಳಿ, ನಮ್ಮ ಕಡೆ ಓಡಾಡಿಕೊಂಡಿರುವ ದೆವ್ವಗಳಲ್ಲಿ ಅರ್ಧ ನಾನೇ ಹುಟ್ಟಿಸಿ ಬಿಟ್ಟವು. ಹೆಬ್ಬೂರಿನ ದಾರಿಯಲ್ಲಿ ಒಂದು ಹುಣಸೆಮರವಿದೆ. ಅದರಲ್ಲಿ ಸೀನುವ ದೆವ್ವವಿದೆ ಎಂದು ಇವತ್ತಿಗೂ ಹೇಳುತ್ತಾರೆ. ಆ ಸೀನು ನನ್ನದು. ಅವತ್ತು ನನಗೆ ನೆಗಡಿಯಾಗಿದ್ದದ್ದು ಮಾತ್ರ ನಿಜ.

ಹಾಗಾಗಿ ಈಗ ಬರೆಯುತ್ತಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ನನ್ನನ್ನು ಬಲ್ಲವರಂತೂ ಈ ಸಂಗತಿ ಎತ್ತಿದರೆ ಸಾಕು, ಕಣ್ಣು ಮಿಟುಕಿಸಿ ಬೆನ್ನು ತಟ್ಟಿ ಹೋಗುತ್ತಾರೆ. ಅದೇ ನನ್ನ ಕಷ್ಟ. ಜೀವಮಾನದಲ್ಲಿ ನಾನು ಮಾಡಿದ ನೂರು ಕೀಟಲೆಗಳಿಗೆ ಬೈಗುಳ ತಿಂದಿದ್ದೇನೆ. ಮಾಡದೇ ಇದ್ದ ಒಂದಕ್ಕೆ ಎಲ್ಲರೂ ಹೊಗಳುತ್ತಾರೆ.

ನನ್ನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಹೇಳಿಕೊಳ್ಳುವುದರಲ್ಲಿ ನನಗೆ ಸಂಕೋಚವಿಲ್ಲ. ತುಮಕೂರಿನಲ್ಲಿ ನನ್ನದೊಂದು ಮೈಕ್ ಸೆಟ್ ಅಂಗಡಿ ಇತ್ತು. ಮದುವೆ, ಮಠದ ಕಾರ್ಯಕ್ರಮ, ಉರುಸು, ಚರ್ಚಿನ ಸುಗ್ಗಿ ಹಬ್ಬ, ಎಲೆಕ್ಷನ್ ಭಾಷಣ, ಯಾರ ದೇವರಿಗೇ ಆಗಲಿ ಯಾವ ಪಾರ್ಟಿಗೇ ಆಗಲಿ, ಜೋರಾಗಿ ಕೇಳಿಸಬೇಕಾದರೆ ನಾನೇ ಹೋಗಬೇಕಿತ್ತು. ಅದಕ್ಕಿಂತ ದೊಡ್ಡ ವಿದ್ಯೆ ನನ್ನ ಗಂಟಲಿನಲ್ಲಿತ್ತು. ಯಾರದೇ ಧ್ವನಿಯನ್ನು ಎರಡು ನಿಮಿಷ ಕೇಳಿದರೆ ಸಾಕು, ಅವರ ಹೆಂಡತಿಯೇ ಮೋಸ ಹೋಗುವ ಹಾಗೆ ಮಾತಾಡಿ ತೋರಿಸುತ್ತಿದ್ದೆ. ಒಂದು ಮದುವೆಯಲ್ಲಿ ಹೆಣ್ಣಿನ ತಂದೆಯ ಧ್ವನಿಯಲ್ಲಿ, 'ಎಲ್ಲಾರೂ ದಯವಿಟ್ಟು ಊಟಕ್ಕೆ ಏಳ್ಬೇಕು' ಎಂದು ಮೈಕಿನಲ್ಲಿ ಹೇಳಿದೆ. ತಾಳಿ ಕಟ್ಟುವುದು ಇನ್ನೂ ಬಾಕಿ ಇತ್ತು. ಇಡೀ ಛತ್ರ ಎದ್ದು ಹೋಗಿ ಪಂಕ್ತಿಯಲ್ಲಿ ಕೂತಿತು. ಹೆಣ್ಣಿನ ತಂದೆಯೂ ತಮ್ಮದೇ ಮಾತಿಗೆ ಬೆಲೆ ಕೊಟ್ಟು ಎಲೆಯ ಮುಂದೆ ಕೂತಿದ್ದರು. ಈಗಲೂ ಆ ಕಡೆಯವರು ಸಿಕ್ಕರೆ ಮೊದಲು ನನ್ನ ಕಾಲರ್ ಹಿಡಿಯುತ್ತಾರೆ, ಆಮೇಲೆ ಕಾಫಿ ಕೊಡಿಸುತ್ತಾರೆ.

ನಾವು ಕ್ರೈಸ್ತರು. ನಮ್ಮಪ್ಪ ಗುಬ್ಬಿಯ ಚರ್ಚಿನಲ್ಲಿ ಉಪದೇಶಿಯಾಗಿದ್ದರು. ಅಂದರೆ ಅಯ್ಯನವರು ಬೇರೆ ಊರಿಗೆ ಹೋದಾಗ ಆರಾಧನೆ ನಡೆಸುವುದು, ಮಕ್ಕಳಿಗೆ ಪಾಠ ಹೇಳುವುದು ಅವರ ಕೆಲಸ. ಚರ್ಚ್ ನಡೆಸುವ ಪಾದ್ರಿಗಳನ್ನು ನಾವು ಅಯ್ಯನವರು ಅಂತಲೇ ಕರೆಯುವುದು. ಪ್ರತಿ ಭಾನುವಾರ ಎಲ್ಲರೂ ಎದ್ದು ನಿಂತು ವಿಶ್ವಾಸ ಪ್ರಮಾಣ ಹೇಳುತ್ತೇವೆ. ನಾವು ಏನೇನು ನಂಬುತ್ತೇವೆ ಎನ್ನುವುದು ಅದರಲ್ಲಿ ಸಾಲಾಗಿ ಬರುತ್ತದೆ. ಭೂಮಿ ಆಕಾಶ ಮಾಡಿದ ತಂದೆ, ಮನುಷ್ಯನಾಗಿ ಹುಟ್ಟಿ ನಮಗೋಸ್ಕರ ಶಿಲುಬೆಯ ಮೇಲೆ ಸತ್ತು ಮೂರನೆಯ ದಿನ ಎದ್ದ ಮಗ, ನಮ್ಮೊಳಗಿದ್ದು ನಡೆಸುವ ಪವಿತ್ರಾತ್ಮ, ಪಾಪಕ್ಕೆ ಕ್ಷಮೆ, ಕಡೆಯಲ್ಲಿ ಸತ್ತವರೆಲ್ಲ ಏಳುವುದು. ಉಳಿದ ಸಾಲುಗಳನ್ನು ನಾನು ಜೋರಾಗಿಯೇ ಹೇಳುತ್ತಿದ್ದೆ. ಸತ್ತವರು ಏಳುವ ಸಾಲು ಬಂದಾಗ ಮಾತ್ರ ಮೈಕ್ ಆಫ್ ಮಾಡಿದ ಹಾಗೆ ತುಟಿಯಷ್ಟೇ ಆಡಿಸುತ್ತಿದ್ದೆ. ಮಣ್ಣಿಗೆ ಹಾಕಿದ ಮೇಲೆ ಯಾರೂ ಎದ್ದು ಬಂದದ್ದನ್ನು ನಾನು ಕಂಡಿರಲಿಲ್ಲ. ಕಾಣದ್ದನ್ನು ಹೇಳಲು ನನ್ನ ಬಾಯಿಯೇ ಒಪ್ಪುತ್ತಿರಲಿಲ್ಲ, ಅದೂ ಸುಳ್ಳು ಹೇಳುವುದರಲ್ಲಿ ಅಷ್ಟು ಪಳಗಿದ ಬಾಯಿ.

ನನ್ನ ಅಕ್ಕ ಕರುಣಮ್ಮ ಹಾಗಲ್ಲ. ಅಪ್ಪನ ಗುಣವೆಲ್ಲ ಅವಳಿಗೆ ಹೋಯಿತು, ಚೆಲುವೆಲ್ಲ ನನಗೆ ಬಂತು. ಅವಳು ಕುಣಿಗಲ್ಲಿನಲ್ಲಿ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದವಳು. ರಿಟೈರ್ ಆದಮೇಲೂ ಅಲ್ಲಿನ ಚರ್ಚಿನ ಸಂಡೇಸ್ಕೂಲ್ ಅವಳದ್ದೇ. ದೇವರು ಒಬ್ಬನೇ, ಆದರೆ ತಂದೆ ಮಗ ಪವಿತ್ರಾತ್ಮ ಎಂದು ಮೂವರು ಹೇಗೆ ಎಂದು ಮಕ್ಕಳು ಕೇಳಿದರೆ, ಅವಳು ಚೀಲದಿಂದ ಒಂದು ಸುಲಿದ ತೆಂಗಿನಕಾಯಿ ತೆಗೆಯುತ್ತಿದ್ದಳು. 'ಕಾಯಿ ಎಷ್ಟು? ಒಂದು. ಕಣ್ಣು ಎಷ್ಟು? ಮೂರು. ಈ ಮೂರರಲ್ಲಿ ಒಂದು ಕಣ್ಣು ಮೆತ್ತಗಿರುತ್ತೆ, ಮುಟ್ಟಿ ನೋಡ್ರಿ. ಅದ್ರಿಂದ್ಲೇ ಮೊಳಕೆ ಆಚೆಗೆ ಬರೋದು. ಹಂಗೇ ಮಗ ನಮ್ಮ ಹತ್ರ ಬಂದಿದ್ದು.' ಮಕ್ಕಳು ಸಾಲಾಗಿ ಬಂದು ಕಾಯಿಯ ಕಣ್ಣು ಮುಟ್ಟಿ ನೋಡಿ ಹೋಗುತ್ತಿದ್ದವು. ಕೃಪೆ ಎಂದರೇನು ಎಂಬ ಪಾಠಕ್ಕೆ ಬಿಸ್ಕೆಟ್. ಬೈಬಲ್ ವಚನ ಬಾಯಿಪಾಠ ಮಾಡದೆ ಬಂದ ಮಗುವಿಗೆ ಮೊದಲು ಕೊಡುತ್ತಿದ್ದಳು. 'ಕಲ್ತವನಿಗೆ ಕೊಟ್ರೆ ಅದು ಕೂಲಿ. ಕಲೀದೇ ಇದ್ದವನಿಗೆ ಕೊಟ್ರೆ ಅದು ಕೃಪೆ.' ಅದಕ್ಕೇ ನಾನು ಚಿಕ್ಕಂದಿನಿಂದ ಏನನ್ನೂ ಕಲಿಯಲಿಲ್ಲ ಎಂದು ನಾನು ಹೇಳಿದರೆ, 'ನಿಂಗೆ ಅಂಗಡೀನೇ ಕೊಟ್ರೂ ಸಾಲ್ದು ಹೋಗು' ಎನ್ನುತ್ತಿದ್ದಳು.

ಈ ತೆಂಗಿನಕಾಯಿ ಪಾಠವನ್ನು ನನ್ನ ಸ್ನೇಹಿತ ಶಿವಲಿಂಗಣ್ಣನಿಗೆ ಒಮ್ಮೆ ಹೇಳಿದ್ದೆ. ಅವನು ಹೆಬ್ಬೂರಿನವನು, ವಿಭೂತಿ ಹಚ್ಚದೆ ಕಾಫಿಯನ್ನೂ ಕುಡಿಯುವವನಲ್ಲ. ಅಕ್ಕನ ಪಾಠಕ್ಕೆ ಬೇಕಾದ ಕಾಯಿ ಹೋಗುತ್ತಿದ್ದದ್ದು ಅವನ ತೋಟದಿಂದಲೇ. ಅವನು ನಕ್ಕು, 'ಮೂರು ಕಣ್ಣಿಂದು ನಮ್ಮಪ್ಪಂದು ಕಣ್ಲಾ. ನಿಮ್ಮಕ್ಕ ಬಾಡಿಗೆಗೆ ತಗಂಡವ್ಳೆ' ಎಂದಿದ್ದ. ಅಕ್ಕನಿಗೆ ತಿಳಿಸಿದಾಗ ಅವಳೂ ನಕ್ಕು, ಬಾಡಿಗೆಗೆಂದು ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಕಳಿಸಿದಳು.

ಇನ್ನು ಭಾವ. ನಮ್ಮ ಜಯಶೀಲ ಭಾವ ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಕೆಲಸಕ್ಕಿದ್ದವರು. ಎತ್ತರದ ಆಳು, ಅಗಲವಾದ ಧ್ವನಿ. ಮಾತಾಡುವ ಮೊದಲು ಗಂಟಲಿನಲ್ಲಿ ಒಂದು ಕೆನೆತ ಬರುತ್ತಿತ್ತು. ಕುದುರೆಗಳ ಜೊತೆ ಇದ್ದು ಇದ್ದು ಹಾಗಾಯಿತೋ, ಹಾಗಿದ್ದದ್ದಕ್ಕೇ ಕುದುರೆಗಳು ಅವರ ಮಾತು ಕೇಳುತ್ತಿದ್ದವೋ ಗೊತ್ತಿಲ್ಲ. ವಯಸ್ಸಾದ ಮೇಲೆ ಅವರಿಗೆ ಕಿವಿ ಮಂದವಾಯಿತು. ಅದರಿಂದ ನಮ್ಮ ಈಸ್ಟರ್ ಬೆಳಗಿಗೆ ಒಂದು ಹೊಸ ಪದ್ಧತಿಯೇ ಸೇರಿಕೊಂಡಿತು.

ಈಸ್ಟರಿಗೆ ನಾನು ಅಕ್ಕನ ಊರಿಗೇ ಹೋಗುವುದು. ಆ ದಿನ ಹೊತ್ತು ಮೂಡುವ ಮೊದಲು ಅಲ್ಲಿನ ಚರ್ಚಿನ ಸಭೆಯವರೆಲ್ಲ ಸಮಾಧಿ ತೋಟದಲ್ಲಿ ಸೇರುತ್ತೇವೆ. ತಮ್ಮ ತಮ್ಮ ಮನೆಯವರ ಸಮಾಧಿಯ ಮೇಲೆ ಹೂವಿಟ್ಟು, ಮೇಣದಬತ್ತಿ ಹಚ್ಚಿಕೊಂಡು ಒಂದೆಡೆ ನಿಲ್ಲುತ್ತೇವೆ. ಯೇಸು ಸಮಾಧಿಯಿಂದ ಎದ್ದ ಬೆಳಗು ಅದು, ಅದನ್ನು ಸತ್ತವರ ನಡುವೆ ನಿಂತೇ ಹೇಳಬೇಕು. ಅಯ್ಯನವರು, 'ಕ್ರಿಸ್ತನು ಎದ್ದಿದ್ದಾನೆ' ಎನ್ನುತ್ತಾರೆ. ನಾವೆಲ್ಲ ಒಟ್ಟಿಗೆ, 'ನಿಜವಾಗಿಯೂ ಎದ್ದಿದ್ದಾನೆ' ಎಂದು ಉತ್ತರ ಕೊಡಬೇಕು. ಅಯ್ಯನವರ ಮಾತು ಭಾವನಿಗೆ ಕೇಳಿಸುತ್ತಿರಲಿಲ್ಲ. ಎಲ್ಲರೂ ಉತ್ತರ ಕೊಟ್ಟು ಮುಗಿಸಿದ ಮೇಲೆ ಅಕ್ಕ ತನ್ನ ಎಡಮೊಣಕೈಯಿಂದ ಅವರ ಪಕ್ಕೆಗೆ ತಿವಿಯುತ್ತಿದ್ದಳು. ಆಗ ಭಾವ ಗಂಟಲು ಕೆನೆಸಿ, ಒಬ್ಬರೇ, ಇಡೀ ತೋಟಕ್ಕೆ ಕೇಳಿಸುವ ಹಾಗೆ, 'ನಿಜವಾಗಿಯೂ ಎದ್ದಿದ್ದಾನೆ' ಎನ್ನುತ್ತಿದ್ದರು. ಜನ ಮುಸಿಮುಸಿ ನಗುತ್ತಿದ್ದರು. ಭಾವ ಉತ್ತರ ಕೊಡುವವರೆಗೂ ಹಾಡು ಶುರು ಮಾಡಬಾರದು ಎಂದು ಆಗಿನ ಅಯ್ಯನವರಿಗೂ ರೂಢಿಯಾಗಿಹೋಗಿತ್ತು. ಭಾವ ಹೇಳಿದರೇನೇ ಈಸ್ಟರ್.

ಒಂದು ಮಳೆಗಾಲದಲ್ಲಿ ಭಾವ ತೀರಿಕೊಂಡರು. ಮಲಗಿದ್ದಲ್ಲೇ, ಯಾರಿಗೂ ತೊಂದರೆ ಕೊಡದೆ ಹೋದರು. ಅಕ್ಕ ಎದೆ ಬಡಿದುಕೊಂಡು ಅಳಲಿಲ್ಲ. ಸಂಡೇಸ್ಕೂಲ್ ಬಿಡಲಿಲ್ಲ. ಕ್ರಿಸ್‌ಮಸ್‌ಗೆ ಮಕ್ಕಳ ನಾಟಕವನ್ನೂ ಮಾಡಿಸಿದಳು. ನಾವೆಲ್ಲ ಅವಳ ನಂಬಿಕೆ ದೊಡ್ಡದು ಎಂದುಕೊಂಡೆವು. ಆದರೆ ಈಸ್ಟರ್ ಹತ್ತಿರ ಬರುತ್ತಿದ್ದಂತೆ ಅಲ್ಲಿನ ಅಯ್ಯನವರು ನನಗೆ ಫೋನ್ ಮಾಡಿದರು. ಚಿಕ್ಕ ವಯಸ್ಸಿನವರು, ಭಾವ ಹೋದಮೇಲೆ ವರ್ಗವಾಗಿ ಬಂದವರು.

'ಅಂಕಲ್, ಒಂದ್ಸಲ ಬಂದು ಅಮ್ಮನ ಹತ್ರ ಮಾತಾಡಿ. ಈಸ್ಟರ್ ಆದ್ಮೇಲೆ ಕ್ಲಾಸ್ ಬಿಡ್ತೀನಿ ಅಂತಿದಾರೆ. ಆರಾಧನೆಗೂ ಬರಲ್ಲ ಅಂತಿದಾರೆ. ನಾನು ಏನ್ ಹೇಳಿದ್ರೂ ಸುಮ್ನೆ ಕಾಫಿ ಕೊಟ್ಟು ಕಳಿಸ್ತಾರೆ.'

ನಾನು ಹೋದೆ. ಅಕ್ಕ ಹಿತ್ತಲಿನಲ್ಲಿ ಸಾಲಾಗಿ ಇಟ್ಟಿದ್ದ ತೆಂಗಿನ ಸಸಿಗಳಿಗೆ ನೀರು ಹಾಕುತ್ತಿದ್ದಳು. ಅವೂ ಪಾಠದ ಸಾಮಾನೇ. ಸತ್ತಂತೆ ಬಿದ್ದಿರುವ ಕಾಯಿಯನ್ನು ಮಣ್ಣಲ್ಲಿ ಹೂತರೆ ಸಸಿ ಏಳುತ್ತದೆ, ಹಾಗೆಯೇ ಸತ್ತವರು ಏಳುತ್ತಾರೆ ಎಂದು ಅವಳು ಮಕ್ಕಳಿಗೆ ತೋರಿಸುತ್ತಿದ್ದದ್ದು ಅವುಗಳನ್ನೇ. ನಾನು ಅಯ್ಯನವರ ಧ್ವನಿಯಲ್ಲಿ, 'ಅಮ್ಮಾ, ಹೇಗಿದ್ದೀರಿ' ಎಂದೆ. ಅವಳು ತಿರುಗಿಯೂ ನೋಡಲಿಲ್ಲ.

'ನಿನ್ನ ಕಳ್ಸವ್ರೇನೋ ಅಯ್ಯನೋರು?'

'ಊಟಕ್ಕೆ ಬಂದೆ ಕಣಕ್ಕ.'

'ಸುಳ್ಳು. ಕೂತ್ಕೋ.' ಅವಳು ಚೊಂಬು ಕೆಳಗಿಟ್ಟಳು. 'ನೋಡು, ಕಾಯಿ ಹೂತ್ರೆ ಸಸಿ ಬರ್ತದೆ. ನಾನು ಕಣ್ಣಾರೆ ನೋಡಿದೀನಿ. ಮನುಷ್ಯನ ಹೂತ್ರೆ ಏನ್ ಬರ್ತದೆ, ನೋಡಿದೀಯಾ ನೀನು? ನಾನು ವಾರ ವಾರ ಹೋಗಿ ನೋಡ್ತಾ ಇದೀನಿ. ಗರಿಕೆ ಬಂದದೆ. ಅಷ್ಟೇ.'

ಅವಳು ಹೇಳಿದ್ದು ನನ್ನದೇ ಮಾತು. ಆದರೆ ನನ್ನ ಬಾಯಲ್ಲಿದ್ದಾಗ ಹಗುರವಾಗಿದ್ದ ಮಾತು ಅವಳ ಬಾಯಲ್ಲಿ ಕಲ್ಲಿನ ಹಾಗಿತ್ತು.

'ಮಕ್ಕಳು ನನ್ನ ಮುಖ ನೋಡಿ ನಂಬ್ತಾವೆ ಕಣೋ' ಎಂದಳು. 'ನಂಗೇ ಗೊತ್ತಿಲ್ದೇ ಇರೋದ್ನ ಆ ಮಕ್ಕಳಿಗೆ ಹೆಂಗೆ ಹೇಳ್ಲಿ? ಈಸ್ಟರ್ ದಿನ ಬಂದು ಅವರಿಗೆ ಹೂವಿಟ್ಟು ಹೋಗ್ತೀನಿ. ಬಾಯಿ ಬಿಡಲ್ಲ. ಅಲ್ಲಿಗೆ ಮುಗೀತು.'

ತುಮಕೂರಿಗೆ ವಾಪಸ್ ಬರುವ ಬಸ್ಸಿನಲ್ಲಿ ನನಗೆ ಒಂದು ಉಪಾಯ ಹೊಳೆಯಿತು. ಉಪದೇಶ ಮಾಡುವುದು ನನ್ನ ಕೈಲಾಗದ ಕೆಲಸ. ನಗಿಸುವುದು ನನ್ನ ಕಸುಬು. ಈಸ್ಟರ್ ಬೆಳಿಗ್ಗೆ ಎಲ್ಲರೂ ಉತ್ತರ ಕೊಟ್ಟ ಮೇಲೆ, ತಡವಾಗಿ, ಭಾವನ ಧ್ವನಿಯಲ್ಲಿ ನಾನು ಉತ್ತರ ಕೊಡಬೇಕು. ಅಕ್ಕ ಮೊದಲು ಬೆಚ್ಚುತ್ತಾಳೆ, ಆಮೇಲೆ ನನ್ನನ್ನು ಬೈಯುತ್ತಾಳೆ, ಬೈಯುತ್ತಾ ಬೈಯುತ್ತಾ ನಗುತ್ತಾಳೆ. ಒಮ್ಮೆ ನಕ್ಕಳೆಂದರೆ ಕ್ಲಾಸಿಗೂ ಹೋಗುತ್ತಾಳೆ. ಇಷ್ಟೇ ನನ್ನ ಲೆಕ್ಕಾಚಾರ. ಭಾವ ಇದ್ದಿದ್ದರೆ ಅವರೂ ಒಪ್ಪುತ್ತಿದ್ದರು.

ಆದರೆ ಭಾವನ ಧ್ವನಿಯನ್ನು ನಾನು ಯಾವತ್ತೂ ಮಾಡಿರಲಿಲ್ಲ. ಅವರಿದ್ದಾಗ ಅಕ್ಕನ ಭಯ. ಹಾಗಾಗಿ ಈಸ್ಟರ್ ಹಿಂದಿನ ದಿನ, ಶನಿವಾರ, ಹೆಬ್ಬೂರಿನಲ್ಲಿ ಇಳಿದು ಶಿವಲಿಂಗಣ್ಣನ ತೋಟಕ್ಕೆ ಹೋದೆ. ಅವನು ಮಂಚದ ಮೇಲೆ ಒರಗಿಕೊಂಡು ತೀರ್ಪುಗಾರನಾದ. ನಾನು ಮರಗಳ ನಡುವೆ ನಿಂತು, 'ನಿಜವಾಗಿಯೂ ಎದ್ದಿದ್ದಾನೆ' ಎಂದು ಕೂಗಲು ಶುರು ಮಾಡಿದೆ.

'ಇದು ನಿಮ್ ಭಾವ ಅಲ್ಲ ಬುಡು. ನಮ್ಮ ಎಮ್ಮೆ' ಎಂದ.

ಮತ್ತೆ ಕೂಗಿದೆ.

'ಈಗ ಎಮ್ಮೆ ಹೋಯ್ತು, ಎಮ್ಮೆ ಡಾಕ್ಟ್ರು ಬಂದ್ರು.'

ನನಗೆ ಛಲ ಬಂತು. ಜಿಲ್ಲೆಯ ಅರ್ಧ ಜನರ ಗಂಟಲನ್ನು ಜೇಬಲ್ಲಿಟ್ಟುಕೊಂಡಿದ್ದ ನನಗೆ ಈ ಒಂದು ಧ್ವನಿ ಸಿಗದೆ ತಪ್ಪಿಸಿಕೊಳ್ಳುತ್ತಿತ್ತು. ಕೆನೆತ ಬಂದರೆ ಅಗಲ ಬರುತ್ತಿರಲಿಲ್ಲ, ಅಗಲ ಬಂದರೆ ಕೆನೆತ ಕೈಬಿಡುತ್ತಿತ್ತು. ಎಳನೀರು ಕುಡಿದು ಕುಡಿದು ಬಿಸಿಲಿಳಿಯುವವರೆಗೂ ಕೂಗಿದೆ. ಯಾರೋ ದಾರಿಯಲ್ಲಿ ಹೋಗುತ್ತಿದ್ದವರು ಬೇಲಿಯ ಹತ್ತಿರ ನಿಂತು, 'ಯಾರ್ ಎದ್ದವ್ರೆ ಸ್ವಾಮಿ?' ಎಂದು ವಿಚಾರಿಸಿಕೊಂಡು ಹೋದರು. ಕಡೆಗೆ ಗಂಟಲಿನಲ್ಲಿ ಏನೋ ಕಿತ್ತಂತಾಯಿತು. ಬಾಯಿ ತೆರೆದರೆ ಬರೀ ಗಾಳಿ. ಶಿವಲಿಂಗಣ್ಣ ಮೊದಲು ನಾಟಕವೆಂದುಕೊಂಡ. ಆಮೇಲೆ ನನ್ನ ಕಣ್ಣಲ್ಲಿ ನೀರು ನೋಡಿ, 'ಅಯ್ಯೋ ಮೈಕು ಸುಟ್ಟೋಯ್ತಲ್ಲೋ' ಎಂದು ಸ್ಕೂಟರಿನಲ್ಲಿ ಕುಣಿಗಲ್ಲಿಗೆ ಬಿಟ್ಟುಹೋದ.

ಅಕ್ಕನ ಮುಂದೆ ಕೈಸನ್ನೆ ಮಾಡಿ ಗಂಟಲು ತೋರಿಸಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

'ಏನೋ ಇದು ಹೊಸ ವೇಷ? ಹಿಂದೊಂದ್ಸಲ ಕಾಲು ಮುರ್ಕಂಡಿದ್ದೆ, ಈ ಸಲ ಗಂಟ್ಲಾ?'

ಹಿಂದೊಮ್ಮೆ ಕಾಲಿಗೆ ಸುಮ್ಮನೆ ಬ್ಯಾಂಡೇಜು ಸುತ್ತಿಕೊಂಡು ಬಂದು ಅವಳ ಕೈಲಿ ಪಾಯಸ ಮಾಡಿಸಿಕೊಂಡಿದ್ದೆ. ಆದ್ದರಿಂದ ಅವಳು ನಂಬದಿದ್ದದ್ದು ನ್ಯಾಯವೇ. ಆದರೂ ಮೆಣಸಿನ ಕಷಾಯ ಮಾಡಿ, 'ನಾಟಕಕ್ಕೇ ಕುಡಿ' ಎಂದು ಕೊಟ್ಟಳು. ಅದರಿಂದ ಏನೂ ಆಗಲಿಲ್ಲ. ನನ್ನ ಯೋಜನೆ ಅಲ್ಲಿಗೆ ಮುಗಿದಿತ್ತು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮರುದಿನ ಬೆಳಿಗ್ಗೆ ನನ್ನ ಬಾಯಿಂದ ಒಂದು ಪಿಸುಮಾತೂ ಬರುವ ಹಾಗಿರಲಿಲ್ಲ.

ಸಮಾಧಿ ತೋಟ ಊರಿನಾಚೆ, ಕೆರೆಯ ಕಡೆ ಇದೆ. ಒಂದು ಬದಿಗೆ ಮೊಣಕಾಲೆತ್ತರದ ಗೋಡೆ, ಉಳಿದದ್ದೆಲ್ಲ ಬಯಲು, ನಡುವೆ ಒಂದು ಹೊಂಗೆಮರ. ನಾವು ಹೋದಾಗ ಕತ್ತಲು ಬಿಟ್ಟು ಬೂದು ಬೆಳಕು ಬರುತ್ತಿತ್ತು. ಅಕ್ಕ ಭಾವನ ಸಮಾಧಿಯ ಮೇಲಿನ ಗರಿಕೆ ಕಿತ್ತು, ಸೇವಂತಿಗೆ ಇಟ್ಟಳು. ಇನ್ನು ಹೋಗಿಬಿಡುತ್ತಾಳೇನೋ ಎಂದು ನಾನು ನೋಡುತ್ತಿದ್ದೆ. ಆದರೆ ಜನ ಅವಳಿಗೆ ದಾರಿ ಬಿಟ್ಟರು, ಯಾರೋ ಕೈಗೆ ಮೇಣದಬತ್ತಿ ಕೊಟ್ಟರು. ಕಾಲಿನ ರೂಢಿಯೇ ಅವಳನ್ನು ಹೊಂಗೆಮರದ ಕೆಳಗೆ ತಮ್ಮ ಹಳೆಯ ಜಾಗಕ್ಕೆ ಕರೆದುಕೊಂಡು ಹೋಯಿತು. ನಾನು ಅವಳ ಬಲಗಡೆ ನಿಂತೆ. ಎಡಗಡೆ, ಭಾವ ನಿಲ್ಲುತ್ತಿದ್ದ ಜಾಗವನ್ನು, ಯಾರೂ ಹೇಳದಿದ್ದರೂ ಎಲ್ಲರೂ ಖಾಲಿ ಬಿಟ್ಟಿದ್ದರು.

ಅಯ್ಯನವರು ಪ್ರಾರ್ಥನೆ ಮಾಡಿದರು. ಆಮೇಲೆ ತಲೆಯೆತ್ತಿ, 'ಕ್ರಿಸ್ತನು ಎದ್ದಿದ್ದಾನೆ' ಎಂದರು.

'ನಿಜವಾಗಿಯೂ ಎದ್ದಿದ್ದಾನೆ' ಎಂದಿತು ಸಭೆ. ನನ್ನ ಬಾಯಿಂದ ಗಾಳಿ ಹೋಯಿತು. ಅಕ್ಕ ಹೇಳಿದ ಹಾಗೆ ಬಾಯಿ ಬಿಡಲಿಲ್ಲ, ತುಟಿ ಬಿಗಿದುಕೊಂಡೇ ನಿಂತಿದ್ದಳು. ಆದರೆ ಅವಳ ಎಡಮೊಣಕೈ ಎದ್ದು, ಪಕ್ಕದ ಖಾಲಿ ಗಾಳಿಯನ್ನು ತಿವಿಯಿತು. ನಾನು ನೋಡಿದೆ. ಅವಳಿಗೇ ಗೊತ್ತಿಲ್ಲದೆ ಆದದ್ದು ಅದು. ತಿವಿದ ಮೇಲೆ ಅವಳಿಗೆ ಗೊತ್ತಾಯಿತು. ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು.

ಆಗ ಅವಳ ಎಡಗಡೆಯಿಂದ ಗಂಟಲು ಕೆನೆಸಿದ ಸದ್ದು ಬಂತು. ಅದರ ಹಿಂದೆಯೇ, ಅಗಲವಾಗಿ, ಇಡೀ ತೋಟಕ್ಕೆ ಕೇಳಿಸುವ ಹಾಗೆ, 'ನಿಜವಾಗಿಯೂ ಎದ್ದಿದ್ದಾನೆ.'

ಸಮಾಧಿಯ ಕಡೆಯಿಂದಲ್ಲ. ಮರದ ಮೇಲಿಂದಲೂ ಅಲ್ಲ. ಮನುಷ್ಯ ನಿಂತರೆ ಬಾಯಿ ಇರುವ ಎತ್ತರದಿಂದ, ಅಕ್ಕನ ಪಕ್ಕದಿಂದ. ಅಲ್ಲಿ ಯಾರೂ ಇರಲಿಲ್ಲ. ನನ್ನ ಕಿವಿಯ ಬಗ್ಗೆ ನಾನು ಜಂಬ ಕೊಚ್ಚಿಕೊಳ್ಳುವುದು ಸುಮ್ಮನೆ ಅಲ್ಲ, ಸ್ಪೀಕರ್ ಎಲ್ಲಿ ಇಟ್ಟಿದ್ದಾರೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ.

ಜನರ ನಡುವೆ ಒಂದು ನಗೆ ಎದ್ದು ಹರಡಿತು. ಹಿಂದಿನಿಂದ ಯಾರೋ, 'ಶುರು ಹಚ್ಕಂಡ ನೋಡು ತುಮಕೂರಿನೋನು' ಎಂದರು. ನಾನು ಬಾಯಿಗೆ ಕೈ ಅಡ್ಡ ಇಟ್ಟು ತಲೆ ಅಲ್ಲಾಡಿಸಿದೆ. ಅದನ್ನು ನೋಡಿ ಇನ್ನೂ ನಕ್ಕರು. ಅಯ್ಯನವರು ಹಾಡು ಶುರು ಮಾಡಿದರು. ಅಕ್ಕ ನಗಲಿಲ್ಲ, ಅಳಲಿಲ್ಲ, ನನ್ನ ಕಡೆ ತಿರುಗಲಿಲ್ಲ. ಎಡಕ್ಕೆ ನೋಡುತ್ತಾ ನಿಂತಿದ್ದಳು. ಮೇಣ ಕರಗಿ ಅವಳ ಬೆರಳಿನ ಮೇಲೆ ಬೀಳುತ್ತಿತ್ತು. ನಾನೇ ಬತ್ತಿಯನ್ನು ತೆಗೆದುಕೊಂಡೆ.

ಹೊರಡುವಾಗ ಒಬ್ಬೊಬ್ಬರೂ ಬಂದು ನನ್ನನ್ನು ಮಾತಾಡಿಸಿದರು. 'ಥೇಟ್ ಜಯಶೀಲಣ್ಣನೇ ಕಣಪ್ಪಾ' ಎಂದರು ಒಬ್ಬ ಅಜ್ಜಿ, ಕಣ್ಣೊರೆಸಿಕೊಂಡು. ನಾನು ಗಂಟಲು ತೋರಿಸಿ ಕೈ ಆಡಿಸಿದೆ. 'ನೋಡು ನೋಡು, ಈಗ ಮೂಗನ ವೇಷ' ಎಂದು ಪಕ್ಕದಲ್ಲಿದ್ದವರು ಬೆನ್ನ ಮೇಲೆ ಗುದ್ದಿ ಹೋದರು. ಬಾಯಿದ್ದಾಗ ಹೇಳಿದ ಸುಳ್ಳನ್ನೆಲ್ಲ ನಂಬಿದ ಜನ, ಬಾಯಿ ಹೋದಾಗ ಹೇಳಿದ ಒಂದು ನಿಜವನ್ನು ನಂಬಲಿಲ್ಲ.

ಗೇಟಿನ ಹತ್ತಿರ ಅಯ್ಯನವರು ಸಿಕ್ಕಿ, ಕೈ ಕುಲುಕಿ, ಮೆಲ್ಲಗೆ ಕೇಳಿದರು. 'ಅಂಕಲ್, ಅಮ್ಮನ ಆ ಕಡೆ ಒಬ್ರು ತಡವಾಗಿ ಹೇಳಿದ್ರಲ್ಲ, ಗಂಟಲು ಸರಿ ಮಾಡ್ಕೊಂಡು. ಅವರು ಯಾರು? ಮರದ ನೆರಳಿಗೆ ಮುಖ ಕಾಣ್ಲಿಲ್ಲ. ಪರಿಚಯ ಮಾಡ್ಕೊಬೇಕಿತ್ತು.'

ಅಲ್ಲಿಯವರೆಗೆ ನಾನು ಒಂದು ಸಮಾಧಾನ ಹುಡುಕಿಕೊಂಡಿದ್ದೆ. ವರ್ಷ ವರ್ಷ ಕೇಳಿ ರೂಢಿಯಾದ ಕಿವಿಗಳು, ಖಾಲಿ ಜಾಗವನ್ನು ತಾವೇ ತುಂಬಿಕೊಂಡವು ಎಂದು. ಆದರೆ ಅಯ್ಯನವರು ಭಾವನ ಧ್ವನಿಯನ್ನು ಜನ್ಮದಲ್ಲಿ ಕೇಳಿದವರಲ್ಲ.

ಮನೆಗೆ ಬಂದಮೇಲೆ ಅಕ್ಕ ಇಡ್ಲಿ ಇಟ್ಟಳು, ಕಾಯಿ ತುರಿದಳು, ಚಟ್ನಿ ರುಬ್ಬಿದಳು. ತಟ್ಟೆ ಮುಂದಿಟ್ಟು, ಫೋನಿನ ಟಾರ್ಚ್ ಹಾಕಿ, 'ಎಲ್ಲಿ, ಬಾಯಿ ತೆಗಿ' ಎಂದಳು. ತೆಗೆದೆ. ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. 'ಮಾತಾಡು' ಎಂದಳು. ಗಾಳಿ ಬಂತು.

'ಕೆಂಪಗೆ ಊದ್ಕೊಂಡದೆ' ಎಂದು ಟಾರ್ಚ್ ಆರಿಸಿ ಎದುರಿಗೆ ಕೂತಳು. 'ಹಂಗಾದ್ರೆ ನೀನಲ್ಲ.'

ಅಲ್ಲ ಎಂದು ತಲೆ ಅಲ್ಲಾಡಿಸಿದೆ.

'ನಂಗೊತ್ತು ನೀನಲ್ಲ ಅಂತ. ಆದ್ರೂ ನೋಡ್ಬೇಕಿತ್ತು.' ಸ್ವಲ್ಪ ಹೊತ್ತು ಸೆರಗಿನ ಅಂಚು ಸರಿಮಾಡಿಕೊಂಡಳು. 'ಅವರು ಉತ್ತರ ಕೊಟ್ಟಾದ್ಮೇಲೆ ಪ್ರತಿ ವರ್ಷ ನನ್ನ ಕಿವೀಲಿ ಒಂದು ಮಾತು ಅಂತಿದ್ರು. ನಿಂಗೆ ಗೊತ್ತೇನೋ?'

ನನಗೆ ಗೊತ್ತಿರಲಿಲ್ಲ.

'ಕೇಳಿಸ್ತು ಕಣೇ, ತಿವೀಬೇಡ, ಅನ್ನೋರು. ಕೇಳಿಸಿರ್ತಿರ್ಲಿಲ್ಲ, ಆದ್ರೂ ಅನ್ನೋರು. ನಾನು ಯಾರಿಗೂ ಹೇಳಿಲ್ಲ.' ಅವಳು ನನ್ನ ತಟ್ಟೆಯ ಕಡೆ ನೋಡಿದಳು. 'ಇವತ್ತೂ ಅಂದ್ರು. ತಿವೀಬೇಡ ಅನ್ಲಿಲ್ಲ. ಕೇಳಿಸ್ತು ಕಣೇ ಅಂತ, ಅಷ್ಟೇ.'

ನಾನು ಅದನ್ನು ಕೇಳಿಸಿಕೊಂಡಿರಲಿಲ್ಲ. ಅವಳ ಇನ್ನೊಂದು ಪಕ್ಕದಲ್ಲೇ ಇದ್ದೆ, ಆದರೂ ಇಲ್ಲ. ಅವಳ ಕಣ್ಣು ತುಂಬಿತ್ತು, ಬಾಯಿ ಮಾತ್ರ ಚಿಕ್ಕ ಹುಡುಗಿಯ ಹಾಗೆ ನಗುತ್ತಿತ್ತು. ಬೆರಳು ಎತ್ತಿ ಮೇಲಕ್ಕೆ ತೋರಿಸಿ, ಈಗ ನಂಬಿಕೆ ಬಂತಾ ಎಂದು ಸನ್ನೆಯಲ್ಲಿ ಕೇಳಿದೆ.

'ಗೊತ್ತಿಲ್ಲ ಕಣೋ' ಎಂದಳು. 'ಮುಂದಿನ್ ಭಾನುವಾರ ಮಕ್ಕಳು ಬರ್ತಾವೆ. ಶಿವಲಿಂಗಣ್ಣಂಗೆ ಹೇಳಿ ಎರಡು ಒಳ್ಳೇ ಕಾಯಿ ಕಳ್ಸು. ಇಡ್ಲಿ ಆರೋಗ್ತದೆ, ತಿನ್ನು.'

ಅದಾಗಿ ಕೆಲವು ವರ್ಷಗಳಾದವು. ಗಂಟಲು ಸರಿಹೋದ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ಆ ತೋಟಕ್ಕೆ ಹೋಗಿ ಹೊಂಗೆಮರದ ಕೆಳಗೆ ನಿಂತು ಚಪ್ಪಾಳೆ ತಟ್ಟಿದೆ, ಕೂಗಿದೆ. ಪ್ರತಿಧ್ವನಿ ಬರಬೇಕಾದರೆ ಎದುರಿಗೆ ಏನಾದರೂ ಇರಬೇಕು, ಅಲ್ಲಿ ಬಯಲು ಬಿಟ್ಟು ಏನೂ ಇಲ್ಲ. ಯಾರಾದರೂ ಫೋನಿನಲ್ಲಿ ಭಾವನ ಧ್ವನಿ ಹಿಡಿದಿಟ್ಟಿದ್ದರೋ ಎಂದು ಸಭೆಯವರನ್ನೆಲ್ಲ ವಿಚಾರಿಸಿದೆ. ಭಾವನ ಹಳೆಯ ಫೋನನ್ನೂ ನೋಡಿದೆ, ಅದರಲ್ಲಿ ಎರಡು ಕುದುರೆ ಕೆನೆತ ಸಿಕ್ಕಿತು, ಮನುಷ್ಯರದ್ದು ಒಂದೂ ಇಲ್ಲ. ಯಾರನ್ನು ಕೇಳಿದರೂ, 'ನೀನೇ ಅಲ್ವೇನಯ್ಯಾ' ಎಂದು ನನ್ನತ್ತಲೇ ಬೆರಳು ತೋರಿಸುತ್ತಾರೆ. ನನ್ನ ಗಂಟಲು ಹೋಗಿತ್ತು ಎಂದು ಶಿವಲಿಂಗಣ್ಣ ಸಾಕ್ಷಿ ಹೇಳಿದರೆ, ಅವನೂ ನನ್ನ ಗ್ಯಾಂಗ್ ಎನ್ನುತ್ತಾರೆ. ಅವನ ಹತ್ತಿರ ಅವನದ್ದೇ ವಿವರಣೆಯಿದೆ. 'ನಿಮ್ ಭಾವಂಗೆ ಕಿವಿ ಮಂದ ಅಲ್ವೇನ್ಲಾ ಮೈಕು. ಸತ್ತೋಗಿದೀನಿ ಅನ್ನೋದು ಅವ್ರಿಗೆ ಇನ್ನೂ ಕೇಳ್ಸಿಲ್ಲ ಬುಡು.' ಇದನ್ನು ಅಕ್ಕನಿಗೆ ಹೇಳಿದಾಗ ಅವಳು ನಕ್ಕ ನಗೆಗೆ ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದರು.

ಆ ಧ್ವನಿ ಮತ್ತೆ ಯಾವ ಈಸ್ಟರಿನಲ್ಲೂ ಬರಲಿಲ್ಲ. ಆದರೂ ಸಭೆ ಉತ್ತರ ಕೊಟ್ಟ ಮೇಲೆ ಒಂದು ಗಳಿಗೆ ಎಲ್ಲರೂ ಸುಮ್ಮನಿರುತ್ತಾರೆ, ಅಯ್ಯನವರೂ ಹಾಡು ತಡೆದು ನಿಲ್ಲುತ್ತಾರೆ. ಅಕ್ಕನ ಎಡಮೊಣಕೈ ಈಗ ಬೇಕೆಂದೇ ಏಳುತ್ತದೆ. ಗುಟ್ಟಾಗಿ ನಾನು ಒಬ್ಬನೇ ಇರುವಾಗ ಭಾವನ ಧ್ವನಿಯನ್ನು ಎಷ್ಟೋ ಸಲ ಮಾಡಿ ನೋಡಿದ್ದೇನೆ. ಬರುವುದಿಲ್ಲ. ಇವತ್ತಿಗೂ ಗುಬ್ಬಿಯಿಂದ ಕುಣಿಗಲ್ಲಿನವರೆಗೆ ನನಗೆ ಬಾರದ ಧ್ವನಿ ಅದೊಂದೇ.

ಈಗ ಅಂಗಡಿ ಬಿಟ್ಟು ನಾನೂ ಹೆಚ್ಚಾಗಿ ಅಕ್ಕನ ಮನೆಯಲ್ಲೇ ಇರುತ್ತೇನೆ. ಭಾನುವಾರ ಅವಳ ಬಲಗಡೆ ನಿಂತು ವಿಶ್ವಾಸ ಪ್ರಮಾಣ ಹೇಳುತ್ತೇನೆ. ಸತ್ತವರು ಏಳುವ ಸಾಲು ಬಂದಾಗ ಹಳೆಯ ಅಭ್ಯಾಸದಂತೆ ನನ್ನ ಬಾಯಿ ಕಟ್ಟಿಕೊಳ್ಳುತ್ತದೆ. ತುಟಿಯಷ್ಟೇ ಆಡಿಸುತ್ತಿದ್ದೇನೆ ಎಂದು ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ಅಕ್ಕನಿಗೆ ಗೊತ್ತಾಗುತ್ತದೆ. ಅವಳ ಬಲಮೊಣಕೈ ಬಂದು ನನ್ನ ಪಕ್ಕೆಗೆ ತಿವಿಯುತ್ತದೆ. ಎಲ್ಲರೂ ಮುಗಿಸಿ ಕೂತ ಮೇಲೆ, ತಡವಾಗಿ, ಒಬ್ಬನೇ, ಆ ಸಾಲನ್ನು ಹೇಳುತ್ತೇನೆ. ಮಕ್ಕಳು ಮುಸಿಮುಸಿ ನಗುತ್ತವೆ. ನಂಬಿ ಹೇಳುತ್ತೇನೋ, ತಿವಿತಕ್ಕೆ ಹೆದರಿ ಹೇಳುತ್ತೇನೋ ನನಗೂ ಸರಿಯಾಗಿ ಗೊತ್ತಿಲ್ಲ. ಪಕ್ಕೆ ನೋಯುತ್ತದೆ, ಅದಂತೂ ನಿಜ.